ನನ್ನ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗೇ ಇತ್ತಲ್ಲ!

ಮೊದಲ ಪ್ರಾಜೆಕ್ಟ್ ಮಾಡಿದವರೆಲ್ಲ ಒಂದಲ್ಲ ಒಂದು ದಿನ ಈ ಮಾತು ಹೇಳಿರ್ತಾರೆ. ನಾನು ಹೇಳಿದ್ದು ಕಳೆದ ಸೆಮಿಸ್ಟರ್‌ನಲ್ಲಿ.

ಪ್ರಾಜೆಕ್ಟ್ ಚಿಕ್ಕದು. ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ಕೆಜಿಎಫ್ ರೈಲು ಮಾರ್ಗ ಶುರುವಾಗಿದ್ದು 1894ರಲ್ಲಿ, ಚಿನ್ನದ ಗಣಿಗಾಗಿ. 2001ರಲ್ಲಿ ಗಣಿ ಮುಚ್ಚಿತು. ಈಗ ಊರಿನ ಎಷ್ಟೋ ಜನ ಇದೇ ಮಾರ್ಗದಲ್ಲಿ ದಿನಾ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರ್ತಾರೆ. ಚಾಂಪಿಯನ್, ಉರಿಗಾಂ, ಕೋರಮಂಡಲ್ ಹೀಗೆ ಯಾವುದಾದರೂ ಸ್ಟೇಷನ್ ಆರಿಸಿದರೆ ಮುಂದಿನ ರೈಲು ತೋರಿಸುವ ಪೇಜ್ ಮಾಡಿದ್ದೆ. ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಓಡ್ತಿತ್ತು. ಆನ್‌ಲೈನ್ ಹಾಕಿ ಪಕ್ಕದ ಮನೆ ಆಂಟಿಗೆ ಲಿಂಕ್ ಕಳಿಸಿದೆ. ಮರುದಿನ ಬೆಳಿಗ್ಗೆಯೇ ಅವರ ಫೋನ್: "ಹೊರಟುಹೋದ ರೈಲನ್ನ ಮುಂದಿನ ರೈಲು ಅಂತ ತೋರಿಸ್ತಿದೆ. ಇದನ್ನ ನಂಬಿದ್ರೆ ನನ್ನ ಒಂದು ದಿನದ ಸಂಬಳ ಹೋಗುತ್ತೆ."

ಕೋಡ್‌ನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಅದು ಓಡುವ ಜಾಗ ಬದಲಾಗಿತ್ತು, ಅಷ್ಟೆ. ನಮ್ಮ ಲ್ಯಾಪ್‌ಟಾಪ್ ನಾವು ಕೇಳದೆಯೇ ಕೆಲವು ವಿಷಯಗಳನ್ನು ಒದಗಿಸ್ತಾ ಇರುತ್ತೆ. ಸರ್ವರ್ ಅವನ್ನು ಕೊಡಲ್ಲ. ಅವು ಯಾವುವು ಅಂತ ಒಂದೊಂದಾಗಿ ನೋಡೋಣ.

ಗಡಿಯಾರ: ಲ್ಯಾಪ್‌ಟಾಪ್‌ನಲ್ಲಿರೋದು ಭಾರತದ ಸಮಯ. ಸರ್ವರ್‌ಗಳು ಸಾಮಾನ್ಯವಾಗಿ ಯುಟಿಸಿ ಸಮಯದಲ್ಲಿರುತ್ತವೆ, ಅಂದರೆ ನಮಗಿಂತ 5 ಗಂಟೆ 30 ನಿಮಿಷ ಹಿಂದೆ. ನಮಗೆ ಬೆಳಿಗ್ಗೆ 6:45 ಆಗಿದ್ದಾಗ ಅದಕ್ಕೆ ಇನ್ನೂ ರಾತ್ರಿ 1:15. ನನ್ನ ತಪ್ಪು ಇದೇ. ಪೈಥಾನ್‌ನಲ್ಲಿ ಬರೀ "ಈಗಿನ ಸಮಯ" ಕೇಳಬೇಡಿ, ಝೋನ್‌ಇನ್ಫೋ ಬಳಸಿ ಏಷ್ಯಾ/ಕೋಲ್ಕತಾ ಅಂತ ಸ್ಪಷ್ಟವಾಗಿ ಹೇಳಿ. ವಿಂಡೋಸ್‌ನಲ್ಲಿ ಇದಕ್ಕೆ ಟಿಜೆಡ್‌ಡೇಟಾ ಪ್ಯಾಕೇಜ್ ಕೂಡ ಹಾಕಿಕೊಳ್ಳಬೇಕು.

ಹೆಸರು: ಬಂಗಾರಪೇಟೆಗೆ ಹಿಂದೆ ಬೌರಿಂಗ್‌ಪೇಟೆ ಅಂತಿದ್ರು. ಎರಡೂ ಒಂದೇ ಊರು ಅಂತ ಗೊತ್ತಿರೋದು ನಮಗೆ, ಕಂಪ್ಯೂಟರ್‌ಗಲ್ಲ. ಫೋಟೋ ಫೈಲಿನ ಹೆಸರು ಕ್ಯಾಪಿಟಲ್ ಅಕ್ಷರದಿಂದ ಶುರುವಾಗಿ, ಕೋಡ್‌ನಲ್ಲಿ ಸ್ಮಾಲ್ ಅಕ್ಷರ ಇದ್ದರೆ ವಿಂಡೋಸ್ ಹೊಂದಿಸಿಕೊಳ್ಳುತ್ತೆ. ಲಿನಕ್ಸ್ ಸರ್ವರ್‌ಗೆ ಅವು ಎರಡು ಬೇರೆ ಫೈಲು. ಫೋಟೋ ಕಾಣಲ್ಲ, 404 ಬರುತ್ತೆ. ಎಲ್ಲಾ ಹೆಸರನ್ನೂ ಸ್ಮಾಲ್ ಅಕ್ಷರದಲ್ಲೇ ಇಡಿ. ಸಿ ಡ್ರೈವ್‌ನಿಂದ ಶುರುವಾಗುವ ಪಾತ್ ಬರೆಯಬೇಡಿ, ಆ ಡ್ರೈವ್ ಇರೋದು ನಿಮ್ಮ ಹತ್ತಿರ ಮಾತ್ರ.

ವಿಳಾಸ: ಲೋಕಲ್‌ಹೋಸ್ಟ್ ಅಂದರೆ "ಇದೇ ಯಂತ್ರ". ಪೇಜಿನ ಜಾವಾಸ್ಕ್ರಿಪ್ಟ್‌ನಲ್ಲಿ ಅದನ್ನೇ ಬಿಟ್ಟರೆ, ಆಂಟಿಯ ಮೊಬೈಲ್ ತನ್ನೊಳಗೇ ಸರ್ವರ್ ಹುಡುಕುತ್ತೆ. ಅಲ್ಲೇನಿರುತ್ತೆ?

ಫಾಂಟ್: ನುಡಿಯ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇರುವ ಕಂಪ್ಯೂಟರ್‌ನಲ್ಲಿ ಕನ್ನಡವಾಗಿ ಕಾಣುತ್ತೆ, ಬೇರೆಯವರ ಮೊಬೈಲ್‌ನಲ್ಲಿ ಅರ್ಥವಿಲ್ಲದ ಅಕ್ಷರಗಳಾಗುತ್ತೆ. ಯೂನಿಕೋಡ್‌ನಲ್ಲೇ ಬರೆಯಿರಿ, ಪೇಜಿನ ತಲೆಯಲ್ಲಿ ಯುಟಿಎಫ್-8 ಅಂತ ನಮೂದಿಸಿ.

ಇನ್ನು ಹುಡುಕುವ ಕ್ರಮ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿಯಲ್ಲಿ ಕೆಜಿಎಫ್ ಗಣಿಗೆ ಕರೆಂಟ್ ಬಂತು. ಗಣಿಯಲ್ಲಿ ದೀಪ ಹತ್ತದಿದ್ದರೆ ಕೇಳಬೇಕಾದ ಪ್ರಶ್ನೆ ಮೂರು: ಅಲ್ಲಿ ಉತ್ಪಾದನೆ ಆಗ್ತಿದೆಯಾ, ತಂತಿ ಸರಿಯಿದೆಯಾ, ಇಲ್ಲಿ ಬಲ್ಬ್ ಸರಿಯಿದೆಯಾ? ನಮ್ಮಲ್ಲೂ ಹಾಗೇ: ಸರ್ವರ್, ನೆಟ್‌ವರ್ಕ್, ಬ್ರೌಸರ್. ಎಫ್12 ಒತ್ತಿ ನೆಟ್‌ವರ್ಕ್ ಟ್ಯಾಬ್ ನೋಡಿ. 404 ಇದ್ದರೆ ಹೆಸರು ಅಥವಾ ಪಾತ್ ಪರೀಕ್ಷಿಸಿ. 500 ಇದ್ದರೆ ಸರ್ವರ್‌ನ ಲಾಗ್ ಓದಿ. ಎಲ್ಲವೂ 200 ಆಗಿದ್ದೂ ಉತ್ತರ ತಪ್ಪಿದ್ದರೆ, ನನ್ನ ಗಡಿಯಾರದ ಹಾಗೆ, ಲೆಕ್ಕದಲ್ಲೇ ದೋಷ. ಇದು ಎಲ್ಲಕ್ಕಿಂತ ಅಪಾಯ, ಯಾಕಂದ್ರೆ ಎರರ್ ಬರೋದೇ ಇಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಸರಿಮಾಡಿದ ಮೇಲೂ ಹಳೆಯದೇ ಕಂಡರೆ ಅದು ಕ್ಯಾಶ್ ಇರಬಹುದು, ಇನ್‌ಕಾಗ್ನಿಟೋದಲ್ಲಿ ತೆರೆದು ನೋಡಿ.

ಕೊನೆಗೆ ನಾನು ಬದಲಾಯಿಸಿದ್ದು ಎರಡೇ ಸಾಲು. ಆದರೂ ಆಂಟಿ ಒಂದು ವಾರ ಪೇಜನ್ನೂ ಗೋಡೆ ಗಡಿಯಾರವನ್ನೂ ಹೋಲಿಸಿ ನೋಡಿದ ಮೇಲೇ ನಂಬಿದ್ದು. ಅವರು ಮಾಡಿದ ಪರೀಕ್ಷೆಯನ್ನು ಲಿಂಕ್ ಕಳಿಸುವ ಮೊದಲು ನಾನೇ ಮಾಡಬೇಕಿತ್ತು. ನೀವು ಮಾಡಿ, ನಿಮ್ಮದಲ್ಲದ ಮೊಬೈಲ್‌ನಲ್ಲಿ.