ಗಂಧಕ: ಚೀಲಕ್ಕೆ ಮುಂಚೆ ಮಣ್ಣು ನೋಡಿ

ಶೇಂಗಾ ಹೊಲ ಹಳದಿಯಾಯಿತೆಂದು ತಕ್ಷಣ ಯೂರಿಯಾ ಚೆಲ್ಲಬೇಡಿ. ಬಗ್ಗಿ ಗಿಡ ನೋಡಿ. ಬುಡದ ಹಳೆಯ ಎಲೆ ಮೊದಲು ಹಳದಿಯಾಗಿದ್ದರೆ ಸಾರಜನಕದ ಕೊರತೆ. ಕೆಳಗಿನ ಎಲೆ ಹಸಿರಾಗಿದ್ದು ತುದಿಯ ಎಳೆ ಎಲೆ ಪೂರ್ತಿ ಬಿಳಿಚಿಕೊಂಡಿದ್ದರೆ ಗಂಧಕದ್ದು. ಎಳೆ ಎಲೆಯಲ್ಲಿ ನರ ಮಾತ್ರ ಹಸಿರಾಗಿ ಉಳಿದಿದ್ದರೆ ಕಬ್ಬಿಣದ್ದು.

ಖಾತ್ರಿಯಾಗಬೇಕಾದರೆ ಮಣ್ಣು ಪರೀಕ್ಷೆಯೇ ಆಗಬೇಕು. ಬಿತ್ತನೆಗೆ ಮುಂಚೆ ಹೊಲದಲ್ಲಿ ಅಂಕುಡೊಂಕಾಗಿ ನಡೆದು ಹತ್ತಾರು ಕಡೆ 15 ಸೆಂ.ಮೀ. ಆಳದವರೆಗಿನ ಮಣ್ಣು ಕೆರೆದು, ಬೆರೆಸಿ, ಅರ್ಧ ಕಿಲೋ ಕೊಡಿ. ಬದು, ತಿಪ್ಪೆಯ ಜಾಗ, ಮರದ ಬುಡ ಬಿಡಿ. ಲಭ್ಯ ಗಂಧಕ 10 ಪಿಪಿಎಂಗಿಂತ ಕಡಿಮೆ ಬಂದರೆ ಕೊರತೆ ಎಂದೇ ಲೆಕ್ಕ.

ಗೊಬ್ಬರ ಆರಿಸುವಾಗ ಒಂದು ಮಾತು ನೆನಪಿರಲಿ: ಬೇರು ಹೀರುವುದು ಸಲ್ಫೇಟ್ ರೂಪದ ಗಂಧಕವನ್ನು. ಜಿಪ್ಸಂ, ಅಮೋನಿಯಂ ಸಲ್ಫೇಟ್, ಸಿಂಗಲ್ ಸೂಪರ್ ಫಾಸ್ಫೇಟ್‌ನಲ್ಲಿ ಅದು ಸಿದ್ಧವಾಗಿದೆ. ಡಿಎಪಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ವರ್ಷವರ್ಷವೂ ಡಿಎಪಿಯನ್ನೇ ನೆಚ್ಚಿದ ಹೊಲಗಳು ಸೊರಗಲು ಇದೂ ಕಾರಣ. ಬೆಂಟೊನೈಟ್ ಗಂಧಕದ ಚೀಲದ ಮೇಲೆ ಶೇ 90 ಎಂದಿದ್ದರೂ ಅದನ್ನು ಮಣ್ಣಿನ ಬ್ಯಾಕ್ಟೀರಿಯಾ ಸಲ್ಫೇಟ್ ಆಗಿ ಬದಲಿಸಬೇಕು. ಅದಕ್ಕೆ ಹದವಾದ ತೇವ, ಗಾಳಿ, ಬಿಸುಪು ಬೇಕು. ಒಣ ನೆಲದಲ್ಲಿ ಕಾಳು ಹಾಗೇ ಬಿದ್ದಿರುತ್ತದೆ. ಬಿತ್ತನೆಗೆ ಮೂರ್ನಾಲ್ಕು ವಾರ ಮೊದಲೇ ಹಸಿ ಮಣ್ಣಿಗೆ ಬೆರೆಸಿ.

ಚಳ್ಳಕೆರೆ, ಪಾವಗಡದ ಕೆಂಪು ಮರಳು ಮಣ್ಣಿನ ಕಷ್ಟ ಬೇರೆ. ಅಲ್ಲಿ ಸಾವಯವ ಅಂಶ ಕಡಿಮೆ. ಜೋರು ಮಳೆಗೆ ಸಲ್ಫೇಟ್ ಬೇರಿನಾಚೆ ಇಳಿದುಹೋಗುತ್ತದೆ. ಹಾಗಾಗಿ ಎಲ್ಲವನ್ನೂ ಬಿತ್ತನೆಗೇ ಸುರಿಯಬಾರದು. ಶೇಂಗಾ ಹೂ ಬಿಟ್ಟು ಕಾಯಿಮೊನೆ ನೆಲಕ್ಕಿಳಿಯುವ ಹೊತ್ತಿಗೆ, 30–35ನೇ ದಿನ, ಎಕರೆಗೆ 200 ಕಿಲೋ ಜಿಪ್ಸಂ ಸಾಲಿನ ಪಕ್ಕ ಹಾಕಿ ಮಣ್ಣು ಏರಿಸಿ. ಕಾಯಿ ತುಂಬಲು ಬೇಕಾದ ಸುಣ್ಣದಂಶವೂ ಅದರಲ್ಲೇ ಸಿಗುತ್ತದೆ. ಕೊಟ್ಟಿಗೆ ಗೊಬ್ಬರ ಮಾತ್ರ ತಪ್ಪಿಸಬೇಡಿ, ಏಕೆಂದರೆ ಮೇಲ್ಮಣ್ಣಿನ ಗಂಧಕದ ದೊಡ್ಡ ಪಾಲು ಅಡಗಿರುವುದು ಸಾವಯವ ಅಂಶದಲ್ಲೇ.

ನೀರು ನಿಂತ ಭತ್ತದ ಗದ್ದೆಯಲ್ಲಿ ಗಾಳಿಯಿಲ್ಲದೆ ಸಲ್ಫೇಟ್ ಸಲ್ಫೈಡ್ ಆಗುತ್ತದೆ. ಪೈರು ಕಿತ್ತಾಗ ಬೇರು ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಗೊಬ್ಬರ ಹಾಕುವುದನ್ನು ನಿಲ್ಲಿಸಿ ನೀರು ಬಸಿಯಿರಿ, ನೆಲಕ್ಕೆ ಗಾಳಿಯಾಡಲಿ.

ಅಂಗಡಿಯಲ್ಲಿ ಸಿಗುವ ನೀರಿನಲ್ಲಿ ಬೆರೆಸಿ ಸಿಂಪಡಿಸುವ ಶೇ 80ರ ಗಂಧಕದ ಪುಡಿ ಬೂದಿರೋಗದ ಔಷಧಿ. ಅದನ್ನು ಜಿಪ್ಸಂ ಬದಲಿಗೆ ಕೊಳ್ಳಬೇಡಿ.