ಮಾತಿಗೆ ಮೊದಲಿನ ದಣಿವು: ಕೋಡ್ ಸ್ವಿಚಿಂಗ್ ಮತ್ತು ಮಗುವಿನ ಮನಸ್ಸು

ಹಿನ್ನೆಲೆ

ಸನ್ನಿವೇಶಕ್ಕೆ ತಕ್ಕಂತೆ ಒಂದು ನುಡಿಯಿಂದ ಇನ್ನೊಂದಕ್ಕೆ ಹೊರಳುವುದನ್ನು ಕೋಡ್ ಸ್ವಿಚಿಂಗ್ ಎನ್ನುತ್ತೇವೆ. ಒಂದೇ ಭಾಷೆಯ ಎರಡು ಉಪಭಾಷೆಗಳ ನಡುವೆಯೂ ಇದು ನಡೆಯುತ್ತದೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪವಾಡ ಗ್ರಾಮದ ಬಗ್ಗೆ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾದುದು. ಅಲ್ಲಿ ಜೈನರ ಮನೆಮಾತು ಕನ್ನಡ, ಮುಸ್ಲಿಮರದು ಉರ್ದು. ಸಮುದಾಯಗಳ ನಡುವಿನ ವ್ಯವಹಾರಕ್ಕೆ ಮರಾಠಿ. ದೀರ್ಘಕಾಲದ ಒಡನಾಟದಿಂದ ಈ ಭಾಷೆಗಳ ವಾಕ್ಯರಚನೆ ಪರಸ್ಪರ ಹತ್ತಿರ ಬಂದಿತ್ತು. ಆದರೂ ಮನೆಮಾತುಗಳು ಉಳಿದಿದ್ದವು. ಆದ್ದರಿಂದ ಹೊರಳುವುದೇ ದೋಷವಲ್ಲ. ಮನೆಮಾತನ್ನು ಬಚ್ಚಿಡಬೇಕಾಗಿ ಬಂದಾಗ ಅದು ಮನಸ್ಸಿಗೆ ಹೊರೆಯಾಗುತ್ತದೆ.

ಗಮನಿಸಿದ್ದು

ಹೆಗ್ಗನಹಳ್ಳಿಯ ಒಂದು ಶಾಲೆಯ 7ನೇ ತರಗತಿಯಲ್ಲಿ ನನ್ನ ಬೋಧನಾಭ್ಯಾಸ ನಡೆಯಿತು. ಪೀಣ್ಯದ ಕಾರ್ಖಾನೆಗಳಿಗೂ ಗಾರ್ಮೆಂಟ್ಸ್‌ಗೂ ದುಡಿಯಲು ಬಂದ ಕುಟುಂಬಗಳ ಮಕ್ಕಳೇ ಅಲ್ಲಿ ಹೆಚ್ಚು. ತೆಲುಗು, ತಮಿಳು, ಉರ್ದು, ಹಿಂದಿ, ಉತ್ತರ ಕರ್ನಾಟಕದ ಕನ್ನಡ ಎಲ್ಲವೂ ಒಂದೇ ಕೋಣೆಯಲ್ಲಿದ್ದವು.

ಯಾದಗಿರಿ ಕಡೆಯ ಒಬ್ಬ ಬಾಲಕಿ ಬರವಣಿಗೆಯಲ್ಲಿ ಚುರುಕು, ಆದರೆ ಬಾಯಿ ಬಿಡುತ್ತಿರಲಿಲ್ಲ. ಗಟ್ಟಿಯಾಗಿ ಓದುವ ದಿನ ಹೊಟ್ಟೆನೋವು ಎನ್ನುತ್ತಿದ್ದಳು. 'ನಿಧಾನ ಕಲಿಕೆ'ಯವರ ಪಟ್ಟಿಗೆ ಅವಳ ಹೆಸರು ಸೇರುವುದರಲ್ಲಿತ್ತು. ಬಿಡುವಿನಲ್ಲಿ ಕೇಳಿದಾಗ ಹೇಳಿದಳು: "ಮಾತಾಡೋಕಿಂತ ಮದ್ಲ ಮನಸ್ನ್ಯಾಗ ಎರಡು ಸಲ ಹೇಳಿ ನೋಡ್ತೀನ್ರಿ ಟೀಚರ್. ತಪ್ಪಿದ್ರ ನಗ್ತಾರ. ತಲಿ ದಣೀತದ."

ಅವಳಿಗೆ ಉತ್ತರ ಗೊತ್ತಿತ್ತು. ಶಕ್ತಿಯೆಲ್ಲ ತನ್ನ ಮಾತಿಗೆ ತಾನೇ ಕಾವಲು ಕಾಯುವುದರಲ್ಲಿ ಖರ್ಚಾಗುತ್ತಿತ್ತು. ಈ ಕಾವಲು ದಿನವೂ ಮುಂದುವರಿದರೆ ಆತಂಕ, ದಣಿವು, ನಾಚಿಕೆ, ಒಂಟಿತನ ಬೆಳೆಯಬಹುದು. 'ನಮ್ಮ ಮನೆಯ ಮಾತೇ ಕೀಳು' ಎಂಬ ಭಾವನೆಯೂ ಬೇರೂರಬಹುದು.

ಪಾಠದಲ್ಲಿ ಮಾಡಿದ್ದು

ಸಂಭಾಷಣೆಯ ಪಾಠಕ್ಕೆ 'ಸಂತೆ' ಎಂಬ ಚಟುವಟಿಕೆಯನ್ನು ಹಮ್ಮಿಕೊಂಡೆ.

1. ಈರುಳ್ಳಿಯೊಂದನ್ನು ತೋರಿಸಿ, ಮನೆಯಲ್ಲಿ ಇದಕ್ಕೆ ಏನೆನ್ನುತ್ತೀರಿ ಎಂದು ಕೇಳಿದೆ. ಉಲ್ಲಿಪಾಯ, ವೆಂಗಾಯಂ, ಪ್ಯಾಜ್ ಬಂದವು. ಕೊನೆಗೆ ಮೆಲ್ಲಗೆ 'ಉಳ್ಳಾಗಡ್ಡಿ' ಬಂತು. ಕೆಲವರು ನಕ್ಕರು. ಈರುಳ್ಳಿ, ಬೆಳ್ಳುಳ್ಳಿ, ಉಳ್ಳಾಗಡ್ಡಿ ಮೂರನ್ನೂ ಹಲಗೆಯ ಮೇಲೆ ಬರೆದು, ಮೂರರಲ್ಲೂ ಇರುವ ಪದ ಯಾವುದೆಂದು ಕೇಳಿದೆ. 'ಉಳ್ಳಿ' ಸಿಕ್ಕಿತು. ನಗು ನಿಂತಿತು.
2. ಕಡಲೆಕಾಯಿ–ಶೇಂಗಾ, ಪೊರಕೆ–ಕಸಬರಿಗೆ ಮೊದಲಾದ ಜೋಡಿಗಳನ್ನು ಮಕ್ಕಳೇ ಪಟ್ಟಿ ಮಾಡಿದರು.
3. ಅಜ್ಜಿಯೊಡನೆ ಸಂತೆಗೆ ಹೋದ ಮಾತುಕತೆಯನ್ನು ಮನೆಮಾತಿನಲ್ಲಿ ಅಭಿನಯಿಸಿದರು. ನಡುವೆ ತಿದ್ದಲಿಲ್ಲ.
4. ಅದೇ ಸಂತೆಯ ವರದಿಯನ್ನು ಗ್ರಂಥಸ್ಥ ಕನ್ನಡದಲ್ಲಿ ಬರೆದರು. ತಿದ್ದುವುದು ಈ ಹಂತದಲ್ಲಿ.

ಅಂದು ಬಾಲಕಿ ಆಡಿದ್ದು ನಾಲ್ಕೇ ವಾಕ್ಯ. ಓದುವ ಅಂಜಿಕೆ ಪೂರ್ತಿ ಹೋಗಲಿಲ್ಲ, ಆದರೆ ಮುಂದಿನ ವಾರ ಹೊಟ್ಟೆನೋವೆನ್ನದೆ ಎದ್ದುನಿಂತು ಓದಿದಳು. ಪಟ್ಟಿಗೆ ಹೆಸರು ಸೇರಿಸುವ ಮೊದಲು ಮೌಖಿಕ ಪರೀಕ್ಷೆಯನ್ನು ಅವಳ ಮಾತಿನಲ್ಲೇ ಮಾಡಲು ತರಗತಿ ಶಿಕ್ಷಕಿ ಒಪ್ಪಿದರು.

ಆಪ್ತಸಮಾಲೋಚನೆಗೆ ಕೆಲವು ಅಂಶಗಳು

ಕ್ಯಾಥರೀನ್ ಹ್ಯಾರಿಸ್ ಮತ್ತು ಸಂಗಡಿಗರು 2003ರಲ್ಲಿ ಟರ್ಕಿಶ್–ಇಂಗ್ಲಿಷ್ ದ್ವಿಭಾಷಿಕರ ಚರ್ಮದ ವಿದ್ಯುತ್ ಪ್ರತಿಕ್ರಿಯೆಯನ್ನು ಅಳೆದು ನೋಡಿದರು. ಬಾಲ್ಯದಲ್ಲಿ ಕೇಳಿದಂಥ ಗದರಿಕೆಯ ಮಾತುಗಳಿಗೆ ಮೊದಲ ಭಾಷೆಯಲ್ಲೇ ದೇಹ ಹೆಚ್ಚು ಸ್ಪಂದಿಸಿತ್ತು. ನೋವು ಮನೆಮಾತಿನಲ್ಲಿ ಹತ್ತಿರವಾಗುತ್ತದೆ, ಎರಡನೆಯ ಭಾಷೆಯಲ್ಲಿ ತುಸು ದೂರ ನಿಲ್ಲುತ್ತದೆ. ಎರಡೂ ಉಪಯುಕ್ತ. ಆದ್ದರಿಂದ:

- ಯಾವ ಮಾತಿನಲ್ಲಿ ಹೇಳಿದರೆ ಹಗುರ ಎಂದು ಮೊದಲೇ ಕೇಳಿ.
- ನಡುವೆ ನುಡಿ ಬದಲಾದರೆ ತಡೆಯಬೇಡಿ; ಯಾವ ವಿಷಯ ಬಂದಾಗ ಬದಲಾಯಿತೆಂದು ಗಮನಿಸಿ.
- ಉಚ್ಚಾರಣೆಯನ್ನು ತಿದ್ದಬೇಡಿ. ಅರ್ಥವಾಗದಿದ್ದರೆ "ಹಾಗಂದ್ರೆ ಏನಮ್ಮಾ?" ಎಂದು ಕೇಳಿದರೆ ಸಾಕು.
- ಎಲ್ಲಿ ಬದಲಿಸಬೇಕು, ಎಲ್ಲಿ ಬೇಡ ಎಂಬ ಆಯ್ಕೆ ಮಗುವಿನದಾಗಲಿ. ನಗುವ ತರಗತಿಯನ್ನು ಬದಲಿಸುವ ಹೊಣೆ ನಮ್ಮದು.
- ಪೋಷಕರ ಕಷ್ಟವನ್ನು ಅನುವಾದಿಸಲು ಮಗುವನ್ನೇ ಕೂರಿಸಬೇಡಿ.
- ನಿದ್ದೆ, ಊಟ, ಹಾಜರಾತಿ ಕೆಟ್ಟರೆ ತಜ್ಞರಿಗೆ ಒಪ್ಪಿಸಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯಲ್ಲಿ (14416) ಕರೆ ಮಾಡುವವರು ತಮ್ಮ ಭಾಷೆಯನ್ನು ಆರಿಸಿಕೊಳ್ಳಬಹುದು.

ಸಮಾರೋಪ

ಮಗು ಭಯ, ಆತಂಕಗಳಿಲ್ಲದೆ ತನ್ನ ಅನಿಸಿಕೆ ಹೇಳುವಂತಾಗಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಹೇಳುತ್ತದೆ. ಗ್ರಂಥಸ್ಥ ಕನ್ನಡವನ್ನು ಕಲಿಸಲೇಬೇಕು. ಅದು ಮನೆಮಾತಿನ ಜೊತೆಗೆ ಸೇರಲಿ, ಅದರ ಜಾಗವನ್ನು ಕಸಿಯದಿರಲಿ. ಪಾಠಯೋಜನೆ ಬರೆಯುವಾಗ ಪ್ರಶಿಕ್ಷಣಾರ್ಥಿಗಳು 'ಮಕ್ಕಳ ಮನೆಮಾತುಗಳು' ಎಂಬ ಒಂದು ಸಾಲನ್ನು ಸೇರಿಸಿಕೊಂಡರೂ ಕೆಲಸ ಆರಂಭವಾದಂತೆಯೇ.