ಹುದ್ದೆ ಹೋಯಿತು, ಮನೆ ಉಳಿಯಿತು: ಮೂಡುಬಿದಿರೆಯ ಚೌಟರ ಅರಮನೆ

ರಾಷ್ಟ್ರಪತಿ ಭವನದಲ್ಲಿ ಎಷ್ಟು ಕೋಣೆ? 340. ಕ್ವಿಝ್‌ನಲ್ಲಿ ಕೇಳಿದರೆ ನಾವೆಲ್ಲ ಥಟ್ಟಂತ ಹೇಳ್ತೇವೆ. ಆದರೆ ನಮ್ಮ ಊರನ್ನು ಆಳಿದವರು ಎಲ್ಲಿ ವಾಸ ಇದ್ದರು ಅಂತ ಕೇಳಿದರೆ ತಲೆ ಕೆರೆದುಕೊಳ್ಳುತ್ತೇವೆ. ಧರ್ಮಸ್ಥಳದಿಂದ ಗುರುವಾಯನಕೆರೆ, ವೇಣೂರು ದಾಟಿ ಮೂಡುಬಿದಿರೆಗೆ ಬಂದರೆ ಅದಕ್ಕೆ ಉತ್ತರ ಉಂಟು: ಚೌಟರ ಅರಮನೆ. ಸಾವಿರ ಕಂಬದ ಬಸದಿ ನೋಡಿ ಹಾಗೇ ಬಸ್ಸು ಹತ್ತುವವರೇ ಜಾಸ್ತಿ, ಅರಮನೆಗೆ ಹೋಗುವವರು ಕಡಿಮೆ.

ಚೌಟರು ಯಾರು?

ತುಳುನಾಡನ್ನು ಹಂಚಿಕೊಂಡು ಆಳಿದ ಜೈನ ಅರಸು ಮನೆತನಗಳಲ್ಲಿ ಒಂದು. ವೇಣೂರಿನಲ್ಲಿ ಅಜಿಲರು, ಬಂಗಾಡಿಯಲ್ಲಿ ಬಂಗರು ಇದ್ದ ಹಾಗೆ ಇಲ್ಲಿ ಚೌಟರು. ಮೇಲೆ ಮೊದಲು ವಿಜಯನಗರ, ಆಮೇಲೆ ಕೆಳದಿಯ ನಾಯಕರು ಇದ್ದರು. ಆದರೂ ತಮ್ಮ ಸೀಮೆಗೆ ಇವರೇ ದೊರೆಗಳು. ಇವರ ರಾಜಧಾನಿ ಮೊದಲು ಉಳ್ಳಾಲದ ಹತ್ತಿರದ ಸೋಮೇಶ್ವರ, ಆಮೇಲೆ ಪುತ್ತಿಗೆ, ಕೊನೆಗೆ ಮೂಡುಬಿದಿರೆ. ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕ ಇದೇ ಮನೆತನದವಳು. ಈಗಿರುವ ಅರಮನೆ 17ನೇ ಶತಮಾನದ್ದು.

ಇವರದ್ದು ಅಳಿಯಸಂತಾನ. ಅಂದರೆ ರಾಜನ ನಂತರ ಪಟ್ಟ ಮಗನಿಗಲ್ಲ, ಅಕ್ಕತಂಗಿಯ ಮಗನಿಗೆ. ವಂಶದ ಲೆಕ್ಕ ಹೆಣ್ಣಿನ ಕಡೆಯಿಂದ ನಡೆಯುತ್ತಿತ್ತು. ರಾಣಿಯರು ಸ್ವಂತ ಹಕ್ಕಿನಲ್ಲಿ ಪಟ್ಟಕ್ಕೆ ಬಂದದ್ದು ಇದೇ ಹಿನ್ನೆಲೆಯಲ್ಲಿ.

ಅರಸರು ಹೇಗಿದ್ದರು?

1623ರಲ್ಲಿ ಪಿಯೆತ್ರೊ ದೆಲ್ಲಾ ವಾಲೆ ಎಂಬ ಇಟಲಿಯ ಪ್ರವಾಸಿ ಈ ಕಡೆ ಬಂದಿದ್ದ. ಉಳ್ಳಾಲದ ಚೌಟ ರಾಣಿಯನ್ನು ಅವನು ಮೊದಲು ಕಂಡದ್ದು ಸಿಂಹಾಸನದ ಮೇಲಲ್ಲ, ದಾರಿಯಲ್ಲಿ! ಬೇಸಾಯಕ್ಕೆ ನೀರು ಹಾಯಿಸಲು ತಾನು ತೋಡಿಸುತ್ತಿದ್ದ ಕಾಲುವೆ ನೋಡಲು ಆಕೆ ನಡೆದುಕೊಂಡೇ ಹೊರಟಿದ್ದಳು, ಬಿಸಿಲಿಗೆ ತಾಳೆಗರಿಯ ಕೊಡೆ. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಸೈಟ್ ಇನ್‌ಸ್ಪೆಕ್ಷನ್. ಸಿವಿಲ್ ಬ್ರ್ಯಾಂಚಿನವರು ಇವಳನ್ನು ನಮ್ಮವಳು ಅಂತ ಹೇಳಿಕೊಳ್ಳಬಹುದು.

ಅಂಥವರ ಅರಮನೆಯೂ ದೆಹಲಿಯ ರೀತಿ ದೊಡ್ಡಸ್ತಿಕೆ ತೋರಿಸುವುದಿಲ್ಲ. ನೋಡಬೇಕಾದ್ದು ಮರದ ಕಂಬಗಳನ್ನು. ಒಂದರಲ್ಲಿ ನವನಾರಿ ಕುಂಜರ: ದೂರದಿಂದ ಆನೆ, ಹತ್ತಿರ ಹೋದರೆ ಒಬ್ಬರಿಗೊಬ್ಬರು ಹೆಣೆದುಕೊಂಡ ಒಂಬತ್ತು ಹೆಂಗಸರು. ಇನ್ನೊಂದು ಪಂಚನಾರಿ ತುರಗ: ಐದು ಹೆಂಗಸರು ಸೇರಿ ಆದ ಕುದುರೆ. ಯಾರ ಕೈ ಸೊಂಡಿಲು, ಯಾರ ಕಾಲು ಆನೆಯ ಕಾಲು ಅಂತ ಹುಡುಕುತ್ತಾ ನಿಂತರೆ ಟೈಮ್ ಹೋದದ್ದೇ ಗೊತ್ತಾಗುವುದಿಲ್ಲ.

ಹೇಗೆ ಉಳಿಯಿತು?

ನಮಗೆ ಮುಖ್ಯ ಅನಿಸಿದ್ದು ಈ ಪ್ರಶ್ನೆ. ಆಳಿದವರ ಮನೆಗಳಿಗೆ ಬೇರೆ ಬೇರೆ ಗತಿ. ವೈಸ್‌ರಾಯ್‌ಗೆಂದು 1929ರಲ್ಲಿ ಮುಗಿಸಿದ ಕಟ್ಟಡ ಇವತ್ತು ರಾಷ್ಟ್ರಪತಿ ಭವನ. ಕಮಿಷನರ್ ಮಾರ್ಕ್ ಕಬ್ಬನ್ ಬೆಂಗಳೂರಲ್ಲಿ ಕಟ್ಟಿಸಿದ ಬಂಗಲೆ ಇವತ್ತು ರಾಜ್ಯಪಾಲರ ರಾಜಭವನ. ಅಲ್ಲಿ ಒಬ್ಬರು ಹೋದರೆ ಇನ್ನೊಬ್ಬರು ಬರುತ್ತಾರೆ, ರಿಪೇರಿಗೆ ಸರ್ಕಾರ ಉಂಟು. ಮೈಸೂರಿನ ಹಳೆಯ ಮರದ ಅರಮನೆ 1897ರಲ್ಲಿ ಮದುವೆಯ ಸಮಯದಲ್ಲಿ ಬೆಂಕಿಗೆ ಹೋಯಿತು. ಈಗ ನಾವು ನೋಡುವುದು ಹೆನ್ರಿ ಇರ್ವಿನ್ ವಿನ್ಯಾಸದ, 1912ರಲ್ಲಿ ಮುಗಿದ ಕಟ್ಟಡ.

ಚೌಟರದ್ದು ಉಲ್ಟಾ. 1763ರಲ್ಲಿ ಹೈದರಾಲಿ ಕೆಳದಿಯನ್ನು ಗೆದ್ದ, 1799ರಲ್ಲಿ ಬ್ರಿಟಿಷರು ಬಂದರು. ರಾಜ್ಯ ಹೋಗಿ ಕೈಯಲ್ಲಿ ಉಳಿದದ್ದು ಪಿಂಚಣಿ. ಹುದ್ದೆ ಮುಗಿಯಿತು, ಆದರೆ ಮನೆಯವರು ಮನೆ ಬಿಡಲಿಲ್ಲ. ಅಳಿಯಸಂತಾನದ ಹಳೇ ಕಟ್ಟಿನಲ್ಲಿ ಒಬ್ಬರು ಎದ್ದು ನಿಂತು "ನನ್ನ ಪಾಲು ಕೊಡಿ" ಅಂತ ಕುಟುಂಬದ ಆಸ್ತಿಯನ್ನು ಒಡೆಯುವಂತಿರಲಿಲ್ಲ. ಪಾಲು ಕೇಳುವ ಹಕ್ಕನ್ನು ಕೊಟ್ಟದ್ದು 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ. ಇಂಥ ದೊಡ್ಡ ಮನೆಗಳು ತುಂಡಾಗದೆ ಬಂದದ್ದಕ್ಕೆ ಇದೂ ಒಂದು ಕಾರಣ ಅಂತ ನಮಗೆ ಅನಿಸುತ್ತದೆ. ಇವತ್ತಿಗೂ ಅದೇ ಮನೆತನದವರು ಅಲ್ಲಿ ವಾಸ ಇದ್ದಾರೆ.

ಇನ್ನೊಂದು ಕಾರಣ ತೀರಾ ಸಾದಾ. ನಮ್ಮ ಕರಾವಳಿಯ ಮಳೆಯಲ್ಲಿ ಮರವನ್ನು ಹಾಳು ಮಾಡುವುದು ಒದ್ದೆ ಮತ್ತು ಗೆದ್ದಲು. ಒಂದು ಹೆಂಚು ಒಡೆದು ಎರಡು ಮಳೆಗಾಲ ಹಾಗೇ ಬಿಟ್ಟರೆ ಕೆಳಗಿನ ಪಕ್ಕಾಸು, ತೊಲೆ ಎಲ್ಲ ಕುಂಬಾಗುತ್ತದೆ. ಜನ ಇರುವ ಮನೆಯಲ್ಲಿ ಸೋರಿದ ದಿನವೇ ಗೊತ್ತಾಗುತ್ತದೆ. ಬೀಗ ಹಾಕಿದ ಮನೆಯಲ್ಲಿ ಮಾಡು ಬಿದ್ದ ಮೇಲೆ ಗೊತ್ತಾಗುತ್ತದೆ. ನಾವು ಮೇಂಟೆನೆನ್ಸ್ ಅಂತ ಓದುವುದೂ ಇದನ್ನೇ.

ನಮ್ಮಿಂದ ಏನಾಗಬಹುದು?

ಅಷ್ಟು ಹಳೆಯ ಮರದ ಕೆಲಸವನ್ನು ಪ್ರತಿ ಮಳೆಗಾಲ ದಾಟಿಸುವುದು ಒಂದು ಮನೆಯವರಿಗೆ ಸಣ್ಣ ಹೊರೆ ಅಲ್ಲ. ಕ್ಯಾಂಪಸ್‌ನಲ್ಲಿ ಟೇಪು, ಕ್ಯಾಮೆರಾ, ಕ್ಯಾಡ್ ಎಲ್ಲ ಇಟ್ಟುಕೊಂಡ ನಾವು, ಮನೆಯವರು ಒಪ್ಪಿದರೆ, ಕಂಬ ಮತ್ತು ಮಾಡಿನ ಅಳತೆ ತೆಗೆದು ನಕ್ಷೆ ಮಾಡಿಕೊಡಬಹುದು. ಮುಂದೆ ಯಾವುದಾದರೂ ತೊಲೆ ಬದಲಿಸುವಾಗ ಅದು ಉಪಯೋಗಕ್ಕೆ ಬರುತ್ತದೆ. ಮಿನಿ ಪ್ರಾಜೆಕ್ಟ್‌ಗೆ ಟಾಪಿಕ್ ಹುಡುಕುತ್ತಿರುವವರು ಯೋಚಿಸಿ.

ಹೋಗುವವರಿಗೆ ಒಂದು ಮಾತು: ಅದು ಮ್ಯೂಸಿಯಂ ಅಲ್ಲ, ಮನೆ. ಹೊರಗೆ ನಿಂತು ಕೇಳಿ, ಬನ್ನಿ ಅಂದರೆ ಮಾತ್ರ ಚಪ್ಪಲಿ ಬಿಟ್ಟು ಒಳಗೆ ಹೋಗಿ. ಕಂಬ ಮುಟ್ಟಬೇಡಿ, ಕಣ್ಣಲ್ಲೇ ಒಂಬತ್ತು ಜನರನ್ನೂ ಎಣಿಸಿ.